ಗುಬ್ಬಿಯಿಂದ ತಂದ ಬ್ಯಾಗಿನ ಕಾಗದ

ಅಪ್ಪ ಮಂಡಿಯಿಂದ ಬಂದವರು ಕೂಡಲೇ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಹೊಸ್ತಿಲ ಹೊರಗೆ ನಿಂತು ಅಲ್ಲಿ ಬಿಟ್ಟಿರುವ ಚಪ್ಪಲಿಗಳನ್ನು ನೋಡುತ್ತಿದ್ದರು. ಅಮ್ಮನದು, ನನ್ನದು ಬಿಟ್ಟು ಬೇರೆ ಜೊತೆ ಇಲ್ಲವೆಂದು ಖಾತ್ರಿಯಾದ ಮೇಲೆ ತಮ್ಮದನ್ನು ಬಿಡುತ್ತಿದ್ದರು. ಒಳಗೆ ಬಂದರೆ ಅಡುಗೆಮನೆಯಲ್ಲಿ ಬೋರಲು ಹಾಕಿದ ಲೋಟಗಳ ಕಡೆಗೊಂದು ನೋಟ. ಒಂದು ಲೋಟ ಹೆಚ್ಚಿಗೆ ತೊಳೆದಿಟ್ಟದ್ದು ಕಂಡರೆ "ಯಾರಿಗೆ ಕಾಫಿ ಕೊಟ್ಟೆ?" ಎಂದು ಕೇಳುತ್ತಿದ್ದರು. ಆ ದನಿಯಲ್ಲಿ ಸಿಟ್ಟಿರುತ್ತಿರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸುತ್ತಿದ್ದುದು. ಮಂಡಿಯಲ್ಲಿ ಅವರ ಕೆಲಸವೇ ಅದಾಗಿತ್ತು. ರೈತರು ತಂದ ರಾಗಿ, ಹುಣಸೆಹಣ್ಣಿನ ಮೂಟೆಗಳನ್ನು ತೂಕಕ್ಕೆ ಹಾಕುವ ಮೊದಲು ಪರೀಕ್ಷೆ ಮಾಡಬೇಕು. ಚೂಪಾದ ಕಬ್ಬಿಣದ ಕೊಳವೆಯನ್ನು ಮೂಟೆಯ ಹೊಟ್ಟೆಗೆ ಚುಚ್ಚಿ, ಒಳಗಿನ ಕಾಳನ್ನು ಹೊರಗೆಳೆದು, ಅಂಗೈ ಮೇಲೆ ಹರಡಿ, ಮಣ್ಣು ಕಲ್ಲು ಹುಡುಕಬೇಕು. ಮೇಲೆ ಒಳ್ಳೆಯದಿಟ್ಟು ಕೆಳಗೆ ಕಸ ತುಂಬುವವರನ್ನು ದಿನವಿಡೀ ನೋಡಿದ ಕಣ್ಣು ಸಂಜೆ ಮನೆಗೆ ಬಂದ ಮೇಲೂ ಹುಡುಕುವುದನ್ನು ನಿಲ್ಲಿಸುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಅಷ್ಟೆಲ್ಲ ತಿಳಿಯುತ್ತಿರಲಿಲ್ಲ. ಅಪ್ಪಂದಿರೆಲ್ಲ ಹೀಗೇ ಲೋಟ ನೋಡುತ್ತಾರೆ ಎಂದುಕೊಂಡಿದ್ದೆ.

ನಾವಿದ್ದದ್ದು ತುಮಕೂರಿನ ಬಟವಾಡಿಯಲ್ಲಿ, ಹೈವೇಯಿಂದ ಒಳಗೆ ತಿರುಗುವ ಗಲ್ಲಿಯ ಸಾಲುಮನೆಯೊಂದರಲ್ಲಿ. ಒಂದೇ ಹೆಂಚಿನ ಮಾಡಿನ ಕೆಳಗೆ ಮೂರು ಸಂಸಾರ. ನಡುವಿನ ಗೋಡೆಗಳು ಹೆಂಚನ್ನು ಮುಟ್ಟದೆ ಅರ್ಧಕ್ಕೇ ನಿಂತಿದ್ದವು. ಪಕ್ಕದ ಮನೆಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಬಿದ್ದರೆ ನಾವು ಕೆಮ್ಮುತ್ತಿದ್ದೆವು. ಗುಟ್ಟಾಗಿ ಜಗಳವಾಡಲು ಆ ಮನೆಯಲ್ಲಿ ಜಾಗವಿರಲಿಲ್ಲ. ಹಾಗಾಗಿ ಅಪ್ಪ ಅಮ್ಮ ಮಾತು ಬಿಟ್ಟು ಜಗಳವಾಡುವುದನ್ನು ಕಲಿತಿದ್ದರು. ತಟ್ಟೆಗೆ ಮುದ್ದೆ ಬೀಳುವ ಸದ್ದಿನಲ್ಲೇ ಇವತ್ತು ಮನೆಯ ಹವಾ ಹೇಗಿದೆಯೆಂದು ನನಗೆ ಗೊತ್ತಾಗುತ್ತಿತ್ತು. ಮುಂದಿನ ಕೋಣೆಯ ಕಿಟಕಿಯ ಕೆಳಗೆ ಅಮ್ಮನ ಹೊಲಿಗೆ ಮಿಷಿನ್ ಇತ್ತು. ಕುಣಿಗಲ್ಲಿನ ನನ್ನ ಸೋದರಮಾವ ಮದುವೆಯಲ್ಲಿ ತಂಗಿಗೆ ಕೊಟ್ಟದ್ದು. ಮನೆಯಲ್ಲಿ ಅಮ್ಮನದು ಅನ್ನುವಂಥ ವಸ್ತು ಅದೊಂದೇ. ಅಪ್ಪ ಅದರ ಮೇಲೆ ಟವೆಲ್ ಕೂಡ ಹಾಕುತ್ತಿರಲಿಲ್ಲ, ಹಾಕಿದರೆ ಅಮ್ಮ ತೆಗೆದು ನೆಲಕ್ಕೆ ಹಾಕುತ್ತಿದ್ದರು.

ಅಮ್ಮ ಅದರಲ್ಲಿ ಮೊದಮೊದಲು ರವಿಕೆ, ಲಂಗ, ದಿಂಬಿನ ಚೀಲ ಹೊಲಿಯುತ್ತಿದ್ದರು. ಅವರಿಗೆ ಆಸೆಯಿದ್ದದ್ದು ಬ್ಯಾಗುಗಳ ಮೇಲೆ. ಆಗ ಸಂತೆಗೆ, ರೇಷನ್ನಿಗೆ, ನೆಂಟರ ಮನೆಗೆ, ಎಲ್ಲದಕ್ಕೂ ಬಟ್ಟೆ ಬ್ಯಾಗೇ. ಕಣ್ಣಂದಾಜಿನಲ್ಲಿ ಕತ್ತರಿಸಿ ಅಮ್ಮ ಹೊಲಿದ ಬ್ಯಾಗುಗಳು ಒಂದು ಕಡೆಗೆ ವಾಲುತ್ತಿದ್ದವು. ಒಂದು ಹಿಡಿಕೆ ಉದ್ದ, ಒಂದು ಗಿಡ್ಡ. ಪೇಟೆಯ ಪಾತ್ರೆ ಅಂಗಡಿಯವರು ಅವುಗಳಲ್ಲಿ ಒಂದನ್ನು ಎತ್ತಿ ನೋಡಿ, "ಇದು ಕುಂಟ್ತಾ ಇದೆಯಲ್ಲಮ್ಮ" ಎಂದು ನಕ್ಕು ವಾಪಸು ಕೊಟ್ಟರು. ಆ ನಗು ಅಮ್ಮನನ್ನು ಬಹಳ ದಿನ ಕಾಡಿತು. ಕೊನೆಗೆ ಒಂದು ದಿನ ಅಪ್ಪ ಬುತ್ತಿ ಒಯ್ಯುತ್ತಿದ್ದ ಅಂಗಡಿ ಬ್ಯಾಗನ್ನೇ ಹೊಲಿಗೆ ಬಿಚ್ಚಿ ನೆಲದ ಮೇಲೆ ಹರಡಿಕೊಂಡರು, ಅದನ್ನು ನೋಡಿ ಅದರಂತೆ ಕತ್ತರಿಸುತ್ತೇನೆಂದು. ವರ್ಷಗಟ್ಟಲೆ ಭಾರ ಹೊತ್ತ ಬಟ್ಟೆ ಎಲ್ಲೆಲ್ಲೋ ಜಗ್ಗಿಹೋಗಿತ್ತು. ಅದರ ಅಳತೆಗೆ ಕತ್ತರಿಸಿದ ಹೊಸ ಬಟ್ಟೆಯೂ ಹಾಳಾಯಿತು, ಹಳೆಯದನ್ನು ಮತ್ತೆ ಕೂಡಿಸಲೂ ಆಗಲಿಲ್ಲ. ಅಪ್ಪ ಬೈಯಲಿಲ್ಲ. ಬಿಚ್ಚಿದ ತುಂಡುಗಳನ್ನು ಒಂದೊಂದಾಗಿ ಎತ್ತಿ ನೋಡಿ, "ಇದ್ರೊಳಗೆ ಏನು ಹುಡುಕ್ತಿದ್ದೆ?" ಎಂದು ಕೇಳಿದರು.

ಪಕ್ಕದ ಮನೆಯ ರತ್ನಮ್ಮ ಗುಬ್ಬಿಯವರು. ತವರಿಗೆ ಹೋಗಿ ಬಂದಾಗ ಅವರ ಕೈಯಲ್ಲೊಂದು ಹೊಸ ಬ್ಯಾಗಿತ್ತು. ನಲ್ಲಿಯ ಹತ್ತಿರ ಅವರು ಅದನ್ನು ಕೆಳಗಿಟ್ಟಾಗ ಅದು ಮಗುಚಿಕೊಳ್ಳದೆ ತನ್ನಷ್ಟಕ್ಕೆ ನಿಂತಿತು. ಕೊಡ ತುಂಬಿ ಹರಿಯುತ್ತಿದ್ದರೂ ಅಮ್ಮ ಅದನ್ನು ಗಮನಿಸದೆ ಆ ಬ್ಯಾಗನ್ನೇ ನೋಡುತ್ತಿದ್ದರು.

"ಯಾವ ಅಂಗ್ಡೀಲಿ ತಗೊಂಡ್ರಿ ರತ್ನಮ್ಮ?"

"ಅಂಗ್ಡೀದಲ್ಲ ಕಣಮ್ಮ ಶಾಂತಾ. ನಮ್ಮ ಅತ್ತಿಗೆ ಹೊಲ್ದಿರೋದು. ಗುಬ್ಬೀಲಿ ಒಬ್ರು ಮಾಸ್ಟರವ್ರೆ, ಬ್ಯಾಗಿಂದು ಪೇಪರ್ ಕಟಿಂಗ್ ಮಾರ್ತಾರೆ. ಕಾಗದಾನ ಬಟ್ಟೆ ಮೇಲಿಕ್ಕೋದು, ಸುತ್ತ ಗೀಟು ಹಾಕೋದು, ಕತ್ತರ್ಸೋದು. ಅಷ್ಟೇಯ."

"ಬರೀ ಕಾಗದ ಮಾರ್ತಾರಾ?"

"ಬರೀ ಕಾಗದವೇಯ."

ಅಮ್ಮ ನಂಬಲಿಲ್ಲ. ಅನುಮಾನ ನಮ್ಮ ಮನೆಯಲ್ಲಿ ಅಪ್ಪನೊಬ್ಬರ ಸೊತ್ತೇನೂ ಆಗಿರಲಿಲ್ಲ. ಕಾಗದದಲ್ಲಿ ಏನೋ ಒಂದು ಬಿಟ್ಟು ಕೊಟ್ಟಿರುತ್ತಾರೆ, ಪೂರ್ತಿ ಹೇಳಿಕೊಟ್ಟರೆ ಅವರಿಗೇನು ಲಾಭ ಎಂದು ಬಸ್ಸಿನಲ್ಲಿ ಗುಬ್ಬಿ ತಲುಪುವವರೆಗೂ ನನಗೆ ಹೇಳುತ್ತಲೇ ಇದ್ದರು. ಮಾಸ್ಟರ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ಒಳಗೆ ತಂತಿ ಕಟ್ಟಿ, ಖಾಕಿ ಕಾಗದದ ತುಂಡುಗಳನ್ನು ಕಂತೆ ಕಂತೆಯಾಗಿ ಬಟ್ಟೆ ಒಣಹಾಕಿದ ಹಾಗೆ ನೇತುಹಾಕಿದ್ದರು. ಮಾಸ್ಟರು ನಲವತ್ತರ ಆಸುಪಾಸಿನವರು, ಕುತ್ತಿಗೆಯಲ್ಲಿ ಟೇಪು, ಬೆಂಗಳೂರಿನ ಬ್ಯಾಗಿನ ಫ್ಯಾಕ್ಟರಿಯಲ್ಲಿ ಕಟಿಂಗ್ ಮಾಡಿ ಊರಿಗೆ ಮರಳಿದವರು. ಅಮ್ಮ ಚೌಕ ತಳದ, ಎರಡು ಜೇಬಿನ ಬ್ಯಾಗಿನ ಕಂತೆಯನ್ನು ಆರಿಸಿದರು.

"ಎಲ್ಲಾ ತುಂಡು ಕತ್ತರ್ಸಿ ಇಟ್ಕೊಂಡು ಆಮೇಲೆ ಮಿಷಿನ್ ಮುಂದೆ ಕೂರಿ ತಾಯಿ" ಎಂದರು ಮಾಸ್ಟರು. "ಹೊಲಿಗೆಗೆ ಬಿಡ್ಬೇಕಾದ ಬಟ್ಟೆ ಇದ್ರಲ್ಲೇ ಸೇರೈತೆ. ನೀವು ಮತ್ತೆ ಸೇರಿಸಬ್ಯಾಡಿ. ನಂಬರ್ ನೋಡ್ಕೊಂಡು ಕೂಡಿಸ್ತಾ ಹೋಗಿ."

ಎದುರಿನ ಹೋಟೆಲಿನಿಂದ ನಮ್ಮಿಬ್ಬರಿಗೂ ಕಾಫಿ ತರಿಸಿದರು.

ಸಂಜೆ ಅಪ್ಪ ಆ ಕಂತೆಯನ್ನು ದೀಪಕ್ಕೆ ಹಿಡಿದು ನೋಡಿದರು, ನೋಟಿನಲ್ಲಿ ಗೆರೆ ಹುಡುಕುವವರ ಹಾಗೆ. "ಬಟ್ಟೆಗೆ ದುಡ್ಡು ಕೊಡ್ತಾರೆ, ದಾರಕ್ಕೆ ಕೊಡ್ತಾರೆ. ಕಾಗದಕ್ಕೆ ಯಾವನಾದ್ರೂ ಕೊಡ್ತಾನೇನೇ?"

"ಕಾಗದಕ್ಕಲ್ಲ ರೀ ಕೊಟ್ಟಿದ್ದು, ಅಳತೆಗೆ."

ಅಪ್ಪ ಟೇಪು ಕೇಳಿ ಪಡೆದು ನೆಲದ ಮೇಲೆ ಕೂತರು. ಒಂದೊಂದು ತುಂಡನ್ನೂ ಅಳೆದರು. ಕೊನೆಗೆ ಗೆಲುವಿನಿಂದ ತಲೆಯೆತ್ತಿ, "ತಳದ್ದು ಅರ್ಧ ಮಾತ್ರ ಕೊಟ್ಟವ್ನೆ. ಇನ್ನರ್ಧಕ್ಕೆ ಮತ್ತೆ ಬರ್ಲಿ ಅಂತ" ಎಂದರು. ಅಮ್ಮನ ಮುಖ ಸಣ್ಣದಾಯಿತು. ಆಮೇಲೆ ಆ ತುಂಡಿನ ಅಂಚಿನಲ್ಲಿದ್ದ ಗುರುತನ್ನು ನೋಡಿ, ಬಟ್ಟೆಯನ್ನು ಮಡಿಸಿ, ಮಡಿಕೆಗೆ ಆ ಅಂಚನ್ನು ಕೂಡಿಸಿಟ್ಟು ಕತ್ತರಿಸಿ ಬಿಡಿಸಿದರು. ತಳ ಪೂರ್ತಿ ಬಂತು, ಎರಡೂ ಬದಿ ಒಂದೇ ಸಮ. ಅಪ್ಪ ಕೈ ತೊಳೆಯಲು ಎದ್ದರು.

ಆ ಬ್ಯಾಗು ಹೊಲಿದು ಮುಗಿದ ದಿನ ಅಮ್ಮ ಅದನ್ನು ಕೋಣೆಯ ನಡುವೆ ಇಟ್ಟು, ದೂರ ಸರಿದು ಗೋಡೆಗೊರಗಿ ನಿಂತರು. ಬ್ಯಾಗು ನಿಂತಿತು. ನನಗೆ ನೆನಪಿರುವಂತೆ ಅಮ್ಮ ಆ ಮನೆಯಲ್ಲಿ ಸುಮ್ಮನೆ ನಿಂತು ಏನನ್ನಾದರೂ ನೋಡಿದ್ದು ಅದೇ ಮೊದಲು. ಕಾಗದ ಬಂದ ಮೇಲೆ ಅವರ ಕೆಲಸದ ರೀತಿಯೇ ಬದಲಾಯಿತು. ಮೊದಲೆಲ್ಲ ಕತ್ತರಿ ಹಿಡಿದು ಬಟ್ಟೆಯ ಮುಂದೆ ಉಸಿರು ಬಿಗಿಹಿಡಿದು ಕೂರುತ್ತಿದ್ದವರು, ಈಗ ತುಂಡುಗಳನ್ನು ಹಾಗೆ ಹೀಗೆ ತಿರುಗಿಸಿ ಜೋಡಿಸಿ, ಎಷ್ಟು ಬಟ್ಟೆ ಬೇಕೆಂದು ಅಂಗಡಿಗೆ ಹೋಗುವ ಮೊದಲೇ ತಿಳಿದುಕೊಳ್ಳುತ್ತಿದ್ದರು. ಕತ್ತರಿಸಿದ ಮೇಲೆ ಉಳಿಯುತ್ತಿದ್ದುದು ಚಿಂದಿ ಮಾತ್ರ. ಹಿಡಿಕೆ ಎಲ್ಲಿ ಕೂರಬೇಕು, ಜೇಬು ಮೊದಲೋ ಬದಿ ಮೊದಲೋ ಎಂದು ತಲೆಕೆಡಿಸಿಕೊಳ್ಳುವಂತಿರಲಿಲ್ಲ, ಯಾರೋ ಹತ್ತಾರು ಬ್ಯಾಗು ಕೆಡಿಸಿ ಕಲಿತದ್ದು ಆ ಕಾಗದದಲ್ಲಿತ್ತು. ತಪ್ಪಾದರೆ ಯಾವ ತುಂಡಿನಲ್ಲಿ ಆಯಿತೆಂದು ಹುಡುಕಬಹುದಿತ್ತು. ಮೊದಲನೆಯ ಬ್ಯಾಗೂ ಆಮೇಲಿನ ಬ್ಯಾಗುಗಳೂ ಒಂದೇ ತಾಯಿಯ ಮಕ್ಕಳ ಹಾಗೆ ಬಂದವು. ನಕ್ಕು ಕಳಿಸಿದ್ದ ಪಾತ್ರೆ ಅಂಗಡಿಯವರು ಈಗ ಅವುಗಳನ್ನು ಬಾಗಿಲಲ್ಲೇ ಕೊಕ್ಕೆಗೆ ಹಾಕಿದರು. ಅಮ್ಮ ಹೆಗಲಿಗೆ ಹಾಕುವ ಬ್ಯಾಗಿನದು, ಸ್ಕೂಲ್ ಬ್ಯಾಗಿನದು ಎಂದು ಹೊಸ ಹೊಸ ಕಾಗದಕ್ಕೆ ಮತ್ತೆ ಗುಬ್ಬಿಗೆ ಹೊರಟರು. ಪ್ರತಿಸಲವೂ ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಯಾಕೆಂದು ನನಗೆ ಬಹಳ ತಡವಾಗಿ ಹೊಳೆಯಿತು. ನಾನು ಸಾಕ್ಷಿ.

ಹಿಂತಿರುಗಿದ ಮೇಲೆ ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಲೆ ನೇವರಿಸುತ್ತ ಕೇಳುತ್ತಿದ್ದರು.

"ಅಲ್ಲಿ ಕೂರೋಕೆ ಸ್ಟೂಲ್ ಹಾಕಿದ್ರಾ ಮಗ?"

"ಹೂಂ."

"ಕಾಫಿ ಕೊಟ್ರಾ?"

"ಕೊಟ್ರು."

"ಕಾಗದ ಮಾರೋನು ಯಾಕೆ ಕಾಫಿ ಕೊಡ್ತಾನೆ?"

ಅದು ನನಗೆ ಕೇಳಿದ ಪ್ರಶ್ನೆಯಾಗಿರಲಿಲ್ಲ, ಅಡುಗೆಮನೆಗೆ ಕೇಳಿಸಲೆಂದು ಆಡಿದ್ದು. ಅಲ್ಲಿ ಸೌಟಿನ ಸದ್ದು ನಿಲ್ಲುತ್ತಿತ್ತು. ನಿಜ ಹೇಳಿದರೆ ಅದರಲ್ಲಿ ಇನ್ನೇನೋ ಇದೆಯೆನ್ನುತ್ತಿದ್ದರು, ಸುಳ್ಳು ಹೇಳಿದ್ದರೂ ಅಷ್ಟೇ. ಇವತ್ತಿಗೂ ಯಾರಾದರೂ ಸುಮ್ಮನೆ "ಎಲ್ಲಿಗೆ ಹೋಗಿದ್ರಿ?" ಎಂದರೆ ನಾನು ಉತ್ತರಿಸುವ ಮೊದಲು ಅವರ ಮುಖ ನೋಡುತ್ತೇನೆ. ಪ್ರಶ್ನೆಯ ಹಿಂದಿನ ಪ್ರಶ್ನೆ ಯಾವುದೆಂದು ಹುಡುಕುತ್ತೇನೆ. ನನ್ನ ಗಂಡ ಇದನ್ನು ಬುದ್ಧಿವಂತಿಕೆ ಎಂದುಕೊಂಡಿದ್ದಾರೆ.

ಒಂದು ಬೆಳಿಗ್ಗೆ ಅಮ್ಮ ಮಿಷಿನ್ ಮುಂದೆ ಕೂತು ಕಾಲಾಡಿಸಿದರೆ ಹೊಲಿಗೆ ಬೀಳಲಿಲ್ಲ. ಕೆಳಗಿನ ಮುಚ್ಚಳ ಸರಿಸಿ ನೋಡಿದರೆ ಬಾಬಿನ್ ಕೇಸು ಇರಲಿಲ್ಲ. ಕೆಳದಾರ ಸುತ್ತಿದ ಬಾಬಿನ್ನನ್ನು ಹಿಡಿದಿಡುವ, ಹೆಬ್ಬೆರಳಿನ ತುದಿಯಷ್ಟಿರುವ ಉಕ್ಕಿನ ಡಬ್ಬಿ ಅದು. ಅದಿಲ್ಲದಿದ್ದರೆ ಮಿಷಿನ್ ಬರೀ ಮೇಜು. ನಾವು ಮನೆಯೆಲ್ಲ ಗುಡಿಸಿ ಹುಡುಕಿದೆವು. ಸಂಜೆ ಅಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದಾಗ ಜೇಬಿನಲ್ಲಿ ಟಣ್ಣೆಂದಿತು. ಅಮ್ಮ ಅದನ್ನು ಕೇಳಿಸಿಕೊಂಡರು, ಕೇಳಿಸಿಕೊಂಡದ್ದನ್ನು ಅಪ್ಪ ನೋಡಿದರು. ಮರುದಿನದಿಂದ ಅಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡೇ ಮಂಡಿಗೆ ಹೋಗತೊಡಗಿದರು.

ಒಂದೆರಡು ದಿನ ಕಳೆದ ಮೇಲೆ ಅಮ್ಮ ಮತ್ತೆ ಬಟ್ಟೆ ಹರಡಿ, ಕಾಗದವಿಟ್ಟು, ಸೀಮೆಸುಣ್ಣದಲ್ಲಿ ಗೀಟೆಳೆದು ಕತ್ತರಿಸಲು ಕೂತರು. ತುಂಡುಗಳ ಮೇಲೆ ನಂಬರ್ ಬರೆದರು. ಹಿತ್ತಿಲ ಬಾಗಿಲಿನಿಂದ ರತ್ನಮ್ಮನ ಮನೆಗೆ ಹೋದರು. ರತ್ನಮ್ಮನ ಹತ್ತಿರ ಕೈಯಲ್ಲಿ ತಿರುಗಿಸುವ ಹಳೆಯ ಮಿಷಿನ್ ಒಂದಿತ್ತು, ಹರಿದ ಲುಂಗಿ ಹೊಲಿಯುವುದಕ್ಕಿಂತ ಹೆಚ್ಚು ಅವರಿಗೆ ಬರುತ್ತಿರಲಿಲ್ಲ. ಒಂದನ್ನು ಎರಡಕ್ಕೆ, ಎರಡನ್ನು ಮೂರಕ್ಕೆ ಎಂದು ಕೂಡಿಸುತ್ತ ಹೋದಾಗ ರತ್ನಮ್ಮನ ಕೈಯಲ್ಲೂ ಅದೇ ಬ್ಯಾಗು ಬಂತು! ಅಮ್ಮ ಅದನ್ನು ತಮ್ಮ ಬ್ಯಾಗಿನ ಪಕ್ಕದಲ್ಲಿಟ್ಟು ನೋಡಿದರು. ಯಾವುದು ಯಾರದೆಂದು ನನಗೆ ಹೇಳಲಾಗಲಿಲ್ಲ. ಕಾಗದ ಕೊಂಡದ್ದರ ದೊಡ್ಡ ಲಾಭ ಏನೆಂದು ಅಮ್ಮನಿಗೆ ತಿಳಿದದ್ದು ಆಗ. ಕಣ್ಣಂದಾಜು ಅಮ್ಮನೊಬ್ಬರ ಕಣ್ಣಿನಲ್ಲಿತ್ತು, ಕಾಗದವನ್ನು ಇನ್ನೊಬ್ಬರ ಕೈಗೆ ಕೊಡಬಹುದಿತ್ತು.

ಅಪ್ಪ ಒಂದು ಸಂಜೆ ಪೇಟೆ ಬೀದಿಯಲ್ಲಿ ಬರುವಾಗ ಪಾತ್ರೆ ಅಂಗಡಿಯ ಬಾಗಿಲಲ್ಲಿ ಹೊಸ ಬ್ಯಾಗುಗಳು ತೂಗುತ್ತಿರುವುದನ್ನು ನೋಡಿದರು. ಬಾಬಿನ್ ಕೇಸು ಅವರ ಜೇಬಿನಲ್ಲೇ ಇತ್ತು. ಆ ದಿನ ಅವರು ಹೊಸ್ತಿಲಲ್ಲಿ ನಿಂತು ಚಪ್ಪಲಿ ನೋಡಲಿಲ್ಲ, ಚಪ್ಪಲಿ ಕಾಲಲ್ಲೇ ಒಳಗೆ ಬಂದರು.

"ಮಿಷಿನ್ ಇಲ್ದೆ ಬ್ಯಾಗ್ ಹೆಂಗೆ ಹುಟ್ತು? ಗುಬ್ಬಿಯೋನು ಹೊಲ್ದು ಕಳಿಸ್ತಾನಾ?"

"ರತ್ನಮ್ಮ ಹೊಲ್ದಿದ್ದು."

"ಅವ್ಳಿಗೆ ನೆಟ್ಟಗೆ ಒಂದು ಗುಂಡಿ ಹಾಕೋಕೆ ಬರಲ್ಲ."

ಗೋಡೆಯ ಆಚೆಯಿಂದ ರತ್ನಮ್ಮನ ದನಿ ಬಂತು. "ನಾನೇ ಹೊಲ್ದಿದ್ದು ಕಣಣ್ಣಾ! ಬೇಕಾದ್ರೆ ಈಗ್ಲೇ ಹೊಲ್ದು ತೋರಿಸ್ತೀನಿ!"

ಬೇರೆ ಮನೆಯಾಗಿದ್ದರೆ ಅಲ್ಲಿ ಎಲ್ಲರೂ ನಕ್ಕುಬಿಡುತ್ತಿದ್ದರೇನೋ. ಅಪ್ಪ ದನಿ ತಗ್ಗಿಸಿದರು. "ಎಲ್ರಿಗೂ ಹೇಳ್ಕೊಟ್ಟು ಇಟ್ಟಿದ್ದೀಯ. ಆಯ್ತು. ಯಡಿಯೂರಿಗೆ ಬಾ. ಸಿದ್ಧಲಿಂಗೇಶ್ವರನ ಮುಂದೆ ದೀಪ ಮುಟ್ಟಿ ಹೇಳು, ಗುಬ್ಬಿಗೆ ಹೋಗಿದ್ದು ಬರೀ ಕಾಗದಕ್ಕೆ ಅಂತ. ಆಮೇಲೆ ನಾನು ಒಂದ್ ಮಾತು ಕೇಳಲ್ಲ."

ಅಮ್ಮ ಅನ್ನ ಬಡಿಸಿದರು, ಸಾರು ಬಡಿಸಿದರು. ಬೆಳಿಗ್ಗೆ ಅಪ್ಪ ಮಂಡಿಗೆ ಹೋದ ಮೇಲೆ ಕಾಗದದ ಕಂತೆಗಳನ್ನೆಲ್ಲ ಸುರುಳಿ ಸುತ್ತಿ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದರು. ನನ್ನ ಎರಡು ಲಂಗ ತೆಗೆದುಕೊಂಡರು. ಬೀಗದ ಕೈಯನ್ನು ರತ್ನಮ್ಮನಿಗೆ ಕೊಟ್ಟು, ನನ್ನನ್ನು ಕರೆದುಕೊಂಡು ಕುಣಿಗಲ್ ಬಸ್ಸು ಹತ್ತಿದರು.

ಕುಣಿಗಲ್ಲಿನಲ್ಲಿ ಮಾವನ ಸೈಕಲ್ ಅಂಗಡಿ, ಅದರ ಹಿಂದೆಯೇ ಮನೆ. ಬೇಸಿಗೆ ರಜೆಯಾದ್ದರಿಂದ ಬಂದಿದ್ದೇವೆಂದು ಅತ್ತೆ ನೆರೆಯವರಿಗೆ ಹೇಳಿದರು. ಮಾವ ಮೊದಲ ದಿನ ಏನೂ ಕೇಳಲಿಲ್ಲ. ಎರಡನೆಯ ದಿನ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ, "ಏನಾದ್ರೂ ಇದ್ರೆ ನನ್ ಹತ್ರ ಹೇಳವ್ವ" ಎಂದರು.

ಅಮ್ಮನ ಕೈ ನಿಂತಿತು. "ನೀನೂ ಕೇಳ್ತೀಯೇನಣ್ಣ?"

ಮಾವ ಮತ್ತೆ ತಲೆಯೆತ್ತಲಿಲ್ಲ. ಅಪ್ಪನ ಅನುಮಾನಕ್ಕೆ ಅಳದ ಅಮ್ಮ ಅಂದು ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತರು. ಮರುದಿನ ಬೆಳಿಗ್ಗೆ ಪಕ್ಕದ ಬೀದಿಯ ಟೈಲರ ಹೆಂಡತಿಯನ್ನು ಕೇಳಿ, ಅವರ ಮಿಷಿನ್ ಬಿಡುವಾಗಿರುವ ಹೊತ್ತಿನಲ್ಲಿ ಹೋಗಿ ಹೊಲಿಯತೊಡಗಿದರು. ತುಮಕೂರಿನಲ್ಲಿ ಬರುತ್ತಿದ್ದ ಬ್ಯಾಗೇ ಕುಣಿಗಲ್ಲಿನಲ್ಲೂ ಬಂತು. ಹುತ್ರಿದುರ್ಗದ ಕಡೆಯ ಅಮ್ಮನ ಬಾಲ್ಯದ ಗೆಳತಿಯೊಬ್ಬರು ಸಂತೆಗೆ ಬಂದವರು ಅದನ್ನು ಕೊಂಡು ತಲೆಯ ಮೇಲೆ ಎತ್ತಿ ತೋರಿಸುತ್ತ ಹೋದರು. ಮಾವನ ಮನೆಯಲ್ಲಿ ಲೋಟ ನೋಡುವವರಿರಲಿಲ್ಲ. ಆದರೂ ಸಂಜೆಯಾದರೆ ಅಮ್ಮ ಎದ್ದು ಹೋಗಿ ಬಾಗಿಲಲ್ಲಿನ ಚಪ್ಪಲಿಗಳನ್ನು ನೋಡುತ್ತಿದ್ದರು. ಬಂದಿದ್ದಾರೆಯೇ ಎಂದೋ, ಬಂದುಬಿಟ್ಟರೆ ಎಂದೋ, ನಾನು ಕೇಳಲಿಲ್ಲ.

ಅಪ್ಪ ಬಂದದ್ದು ರಜೆ ಮುಗಿಯುತ್ತ ಬಂದಾಗ. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಗಟ್ಟಿ ವಿಭೂತಿ, ಮುಖ ಮಾತ್ರ ಇಳಿದುಹೋಗಿತ್ತು. ಜಗಲಿಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ಜೇಬಿನಿಂದ ಬಾಬಿನ್ ಕೇಸು ತೆಗೆದು ನೆಲದ ಮೇಲಿಟ್ಟು ಅಮ್ಮನ ಕಡೆಗೆ ಮೆಲ್ಲಗೆ ಸರಿಸಿದರು. ಆಣೆಯ ಮಾತನ್ನು ಅತ್ತೆಯಿಂದ ಕೇಳಿ ತಿಳಿದಿದ್ದ ಮಾವನಿಗೆ ಸಮಾಧಾನವಾಯಿತು. ಒಂದೇ ಸಲಕ್ಕೆ ಎಲ್ಲ ಮುಗಿಸಿಬಿಡುವ ಆತುರದಲ್ಲಿ, "ಯಡಿಯೂರು ಇಲ್ಲೇ ಅಲ್ವಾ ಭಾವ. ನಾಳೆ ಎಲ್ರೂ ಹೋಗಿ ಬರೋಣ. ಅವ್ಳು ದೀಪ ಮುಟ್ಟಿ ಒಂದ್ ಮಾತು ಹೇಳ್ಬುಡ್ಲಿ. ನಿಮಗೂ ನೆಮ್ಮದಿ, ನಮಗೂ ನೆಮ್ಮದಿ" ಎಂದರು. ಅಪ್ಪನ ಕಣ್ಣಿನಲ್ಲಿ ಆಸೆ ಕಂಡಿತು. ಅವರೂ ಈ ಅನುಮಾನದಿಂದ ಸೋತುಹೋಗಿದ್ದರು ಎಂದು ನನಗೆ ಅನ್ನಿಸಿದ್ದು ಆ ಕ್ಷಣದಲ್ಲಿ.

ಅಮ್ಮ ಬಾಗಿಲಿಗೆ ಒರಗಿ ನಿಂತಿದ್ದರು.

"ನಾನು ಆಣೆ ಇಡಲ್ಲ" ಎಂದರು.

"ಯಾಕಮ್ಮ? ತಪ್ಪಿಲ್ಲ ಅಂದ್ಮೇಲೆ ಭಯ ಏನು?" ಎಂದರು ಮಾವ.

"ಭಯ ಅಲ್ಲಣ್ಣ. ಇವತ್ತು ಗುಬ್ಬಿಗೆ ಹೋಗಿದ್ದಕ್ಕೆ ದೀಪ ಮುಟ್ತೀನಿ. ನಾಳೆ ನಲ್ಲಿ ಹತ್ರ ಹೊತ್ತಾದ್ರೆ ಮುಟ್ಬೇಕು. ನಾಡಿದ್ದು ಇವ್ಳು ಸ್ಕೂಲಿಂದ ತಡವಾಗಿ ಬಂದ್ರೆ ಇವ್ಳೂ ಮುಟ್ಬೇಕು." ನನ್ನ ಕಡೆ ಕೈ ತೋರಿಸಿದರು. ಆಮೇಲೆ ಅಪ್ಪನನ್ನೇ ನೇರವಾಗಿ ನೋಡುತ್ತ ಹೇಳಿದರು, "ದೇವರನ್ನ ಯಾಕೆ ಮಧ್ಯಕ್ಕೆ ತರ್ತೀರಿ? ಗುಬ್ಬಿಗೆ ಬಸ್ಸಿದೆ. ಮುಂದಿನ ಸಲ ನೀವೇ ಬನ್ನಿ. ನೋಡಿ. ನೋಡಿದ್ಮೇಲೂ ಹಿಂಗೇ ಇದ್ರೆ, ನಾನು ಇಲ್ಲಿಗೆ ಬರ್ತೀನಿ. ಆಗ ನೀವು ಕರೆಯೋಕೆ ಬರ್ಬೇಡಿ."

ಅಷ್ಟು ಉದ್ದದ ಮಾತನ್ನು ಅಮ್ಮ ಅಪ್ಪನಿಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅಪ್ಪ ತಮ್ಮ ಅಂಗೈ ನೋಡಿಕೊಂಡರು. ಕೊನೆಗೆ, "ಭಾನುವಾರ ಮಂಡಿ ರಜ" ಎಂದರು.

ತುಮಕೂರಿಗೆ ಮರಳಿದ ಮೇಲೆ ಆ ಭಾನುವಾರ ಮೂವರೂ ಗುಬ್ಬಿಗೆ ಹೋದೆವು. ಅಪ್ಪ ಬಸ್ಸಿನಿಂದ ಇಳಿದವರೇ ಸುತ್ತಮುತ್ತ ನೋಡುತ್ತ, ನಮ್ಮಿಂದ ಸ್ವಲ್ಪ ಹಿಂದೆ ಉಳಿದು ನಡೆದರು. ಮಾಸ್ಟರ ಅಂಗಡಿಯಲ್ಲಿ ಹಳ್ಳಿಗಳಿಂದ ಬಂದ ಹೆಂಗಸರಿದ್ದರು, ಒಬ್ಬಿಬ್ಬರು ಗಂಡಸರೂ ಇದ್ದರು. ಎಲ್ಲರಿಗೂ ಸ್ಟೂಲು, ಎಲ್ಲರ ಕೈಯಲ್ಲೂ ಕಾಫಿ ಲೋಟ. ಮಾಸ್ಟರು ಕತ್ತರಿಯಿಂದ ಕಣ್ಣೆತ್ತಿ ಅಮ್ಮನನ್ನು ಕಂಡು ಕೂಗಿದರು.

"ಓ, ತುಮಕೂರಿನ ಚೌಕ ತಳದೋರು ಬಂದ್ರಾ! ಬನ್ನಿ ತಾಯಿ. ಹೆಗಲಿಂದು ಹೆಂಗ್ ಬಂತು?"

"ಚೆನ್ನಾಗಿ ಬಂತು ಮಾಸ್ಟ್ರೆ. ಇವ್ರು ನಮ್ಮ ಯಜಮಾನ್ರು."

"ಬನ್ನಿ ಸ್ವಾಮಿ, ಕೂತ್ಕೊಳಿ." ಮಾಸ್ಟರು ಅಪ್ಪನಿಗೂ ಕಾಫಿ ಹೇಳಿದರು. "ನಿಮ್ಮೋರ ಹೆಸರು ನಾನು ಇವತ್ತಿನವರ್ಗೂ ಕೇಳಿಲ್ಲ ನೋಡಿ. ಬರೋರೆಲ್ಲ ನನಗೆ ಬ್ಯಾಗಿನ ಮೇಲೇ ಗುರುತು. ಅಗೋ ಅವ್ರು ಜಿಪ್ಪಿನೋರು, ಇವ್ರು ಟಿಫನ್ ಬ್ಯಾಗಿನೋರು."

ಎಲ್ಲರೂ ನಕ್ಕರು. ಅಪ್ಪ ಸ್ಟೂಲಿನ ಅಂಚಿನಲ್ಲಿ ಕೂತು ಕಾಫಿಯನ್ನು ನೋಡಿದರು, ಮಾಸ್ಟರನ್ನು ನೋಡಿದರು. ಆಮೇಲೆ ಕಾಗದಗಳ ಬಗ್ಗೆ ಕೇಳತೊಡಗಿದರು. ಎಷ್ಟು ಸಲ ಬಳಸಿದರೆ ಅಂಚು ಸವೆಯುತ್ತದೆ, ಸವೆದರೆ ಅಳತೆ ತಪ್ಪುವುದಿಲ್ಲವೇ, ಎಡದ್ದು ಬಲದ್ದು ಬೇರೆ ಯಾಕಿಲ್ಲ. ಮಾಸ್ಟರು ಬೇಸರವಿಲ್ಲದೆ ಹೇಳಿದರು. ಸವೆಯುವ ಮೊದಲೇ ರಟ್ಟಿನ ಮೇಲೆ ಗೀಟೆಳೆದು ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಲು ಹೇಳಿದರು. ಅಮ್ಮ ಈ ಸಲ ದೊಡ್ಡ ಪ್ರಯಾಣದ ಬ್ಯಾಗಿನ ಕಂತೆ ಆರಿಸಿದರು. ಅಪ್ಪ ಅದನ್ನು ಬಿಚ್ಚಿ, ತುಂಡುಗಳೆಲ್ಲ ಇವೆಯೇ ಎಂದು ಅಲ್ಲೇ ನೋಡಿ, ಸುತ್ತಿ, ತಾವೇ ಕಂಕುಳಲ್ಲಿ ಇಟ್ಟುಕೊಂಡರು. ಅಮ್ಮನ ಮುಖದಲ್ಲಿ ಏನಿತ್ತೆಂದು ಹೇಳುವುದು ಕಷ್ಟ. ಹಗುರವಾಗಿದ್ದರು, ಜೊತೆಗೆ ಯಾವುದೋ ಒಂದು ಸಣ್ಣ ಬೇಸರವೂ ಇತ್ತು. ಅಷ್ಟು ಸಲ ಬಂದರೂ ಯಾರೂ ಹೆಸರು ಕೇಳಿರಲಿಲ್ಲವಲ್ಲ, ಅದಕ್ಕಿರಬಹುದು.

ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಬಿಸಿಲು ಕಾಯುತ್ತಿತ್ತು. ಅಪ್ಪ ಏನೋ ಯೋಚಿಸುತ್ತಿದ್ದವರು ಅಮ್ಮನ ಹತ್ತಿರ ಸರಿದು, ಮೆಲ್ಲಗೆ ಕೇಳಿದರು.

"ಹೆಸರು ಗೊತ್ತಿಲ್ಲ ಅಂದ್ನಲ್ಲ. ಅದು ನಿಜವೇನೇ?"

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಯಾವ ಸಿಟ್ಟೂ ಇಲ್ಲದೆ ಹೇಳಿದರು.

"ನನಗೇನು ಗೊತ್ತು? ಅಂಗ್ಡಿ ಅಲ್ಲೇ ಇದೆ. ಹೋಗಿ ಕೇಳ್ಕೊಂಡು ಬನ್ನಿ. ಅಷ್ಟ್ರಲ್ಲಿ ಬಸ್ ಬಂದ್ರೆ ನಾವು ಹೊರಡ್ತೀವಿ."

ಬಸ್ಸು ಬಂತು. ನಾವಿಬ್ಬರೂ ಹತ್ತಿ ಮುಂದಿನ ಸೀಟಿನಲ್ಲಿ ಕೂತೆವು. ಅಮ್ಮ ತಿರುಗಿ ನೋಡಲಿಲ್ಲ, ನಾನು ಕಿಟಕಿಯಿಂದ ನೋಡಿದೆ. ಅಪ್ಪ ಅಂಗಡಿಯ ಬೀದಿಯ ಕಡೆ ಒಮ್ಮೆ ನೋಡಿದರು, ಬಸ್ಸಿನ ಕಡೆ ಒಮ್ಮೆ ನೋಡಿದರು. ಕಂಡಕ್ಟರ್ ಸೀಟಿ ಊದಿದ. ಅಪ್ಪ ಕಂಕುಳಲ್ಲಿದ್ದ ಕಾಗದದ ಸುರುಳಿ ಮಡಿಯದಂತೆ ತಲೆಯ ಮೇಲಕ್ಕೆ ಎತ್ತಿ ಹಿಡಿದು, ಓಡಿ ಬಂದು ಹತ್ತಿದರು.